ತಡೆಯಬೇಕಾದ ವೇಗ, ತಡೆಯಬಾರದ ವೇಗ

ಸುಗ್ಗಿಯು ಮುಗಿದು ಜಾತ್ರೆ, ರಥೋತ್ಸವ, ಮದುವೆಗಳ ಕಾಲವು ಬಂದೊಡನೆ ನಮ್ಮ ನಾಡಿನ ರಸ್ತೆಗಳಿಗೆ ಬಿಡುವೆಂಬುದೇ ಇರುವುದಿಲ್ಲ. ಕ್ರೂಸರ್, ಟೆಂಪೊಗಳಲ್ಲಿ ಮನೆಮಂದಿಯೆಲ್ಲ ಕೂಡಿ ಯಾತ್ರೆಗೆ ಹೊರಡುತ್ತಾರೆ. ಉಗಾದಿಗೆ ಮುನ್ನ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಶ್ರೀಶೈಲದ ಕಡೆಗೆ ಪಾದಯಾತ್ರಿಗಳ ಸಾಲು ರಸ್ತೆಯ ಅಂಚಿನಲ್ಲಿಯೇ ಹಗಲಿರುಳು ನಡೆಯುತ್ತದೆ. ಈ ಸಂಭ್ರಮದ ನಡುವೆಯೇ ಎಷ್ಟೋ ಮನೆಗಳಿಗೆ ಕೇಳಬಾರದ ಸುದ್ದಿಯು ಬಂದು ಮುಟ್ಟುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಜನರು ಮರಣ ಹೊಂದಿದರು. ದಿನವೊಂದಕ್ಕೆ ಸರಾಸರಿ 460ಕ್ಕೂ ಹೆಚ್ಚು ಸಾವುಗಳು. ಯಾವುದೇ ಸಾಂಕ್ರಾಮಿಕ ರೋಗವು ಈ ಪ್ರಮಾಣದಲ್ಲಿ ಹರಡಿದ್ದರೆ ನಾವು ಸುಮ್ಮನೆ ಕುಳಿತಿರುತ್ತಿರಲಿಲ್ಲ. ಆದ್ದರಿಂದ ಆರೋಗ್ಯ ವಿಭಾಗದ ಈ ಪುಟಗಳಲ್ಲಿ ಈ ಸಲ ಮಧುಮೇಹ, ಸಂಧಿವಾತಗಳನ್ನು ಬದಿಗಿರಿಸಿ, ರಸ್ತೆಯ ಮೇಲೆ ಆಪತ್ತು ಎದುರಾದಾಗ ಚಾಲಕನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ವಿಚಾರ ಮಾಡೋಣ.

ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ವೇಗಗಳನ್ನು ಕುರಿತದ್ದು. ಇಲ್ಲಿ ವೇಗವೆಂದರೆ ದೇಹ ಮತ್ತು ಮನಸ್ಸುಗಳಲ್ಲಿ ಹುಟ್ಟುವ ಒತ್ತಡ. ಮಲ, ಮೂತ್ರ, ಹಸಿವು, ಬಾಯಾರಿಕೆ, ಆಕಳಿಕೆ, ನಿದ್ರೆ ಮೊದಲಾದ ಹದಿಮೂರು ವೇಗಗಳನ್ನು ತಡೆಹಿಡಿಯಬಾರದೆಂದೂ, ಲೋಭ, ಭಯ, ಕ್ರೋಧ, ಅಹಂಕಾರ, ಈರ್ಷ್ಯೆ ಮೊದಲಾದವನ್ನು ತಡೆದೇ ತೀರಬೇಕೆಂದೂ ಆಚಾರ್ಯರು ವಿಧಿಸಿದ್ದಾರೆ. ಎತ್ತಿನ ಬಂಡಿಯ ಕಾಲದಲ್ಲಿ ಹುಟ್ಟಿದ ಈ ವಿಭಾಗವು ಇಂದಿನ ವಾಹನ ಚಾಲಕನಿಗೂ ಹೊಂದುತ್ತದೆ. ನಮ್ಮ ಚಾಲಕರಲ್ಲಿ ಅನೇಕರು ಇದನ್ನು ತಿರುವುಮುರುವಾಗಿ ಆಚರಿಸುತ್ತಿದ್ದಾರೆ. ನಿದ್ರೆಯನ್ನು ತಡೆಯುತ್ತಾರೆ, ಮೂತ್ರವನ್ನು ತಡೆಯುತ್ತಾರೆ. ಸಿಟ್ಟನ್ನು ಮಾತ್ರ ತಡೆಯುವುದಿಲ್ಲ. ಹಿಂದಿನಿಂದ ಬಂದವನು ಮುಂದೆ ಹೋದನೆಂಬ ಈರ್ಷ್ಯೆಯನ್ನೂ ತಡೆಯುವುದಿಲ್ಲ.

ನಿದ್ರೆಯೆಂಬ ಮೊದಲ ಆಪತ್ತು

ರಸ್ತೆಯ ಆಪತ್ತು ಯಾವಾಗಲೂ ಎದುರಿನಿಂದಲೇ ಬರುವುದಿಲ್ಲ. ಎಷ್ಟೋ ಸಲ ಚಾಲಕನ ಕಣ್ಣುರೆಪ್ಪೆಯೊಳಗೇ ಕುಳಿತಿರುತ್ತದೆ. ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಳಗಿನ ಪೂಜೆಯ ಹೊತ್ತಿಗೆ ಕ್ಷೇತ್ರವನ್ನು ತಲುಪುವುದು ನಮ್ಮಲ್ಲಿ ರೂಢಿ. ವಾಹನದಲ್ಲಿರುವ ಹನ್ನೆರಡು ಮಂದಿ ನಿದ್ರಿಸುತ್ತಾರೆ, ಚಾಲಕನೊಬ್ಬನು ಎಚ್ಚರವಿರುತ್ತಾನೆ. ತಲುಪಿದ ಮೇಲೆ ಅವರು ದರ್ಶನ ಮಾಡಿ, ಪ್ರಸಾದ ಸ್ವೀಕರಿಸಿ, ಮಧ್ಯಾಹ್ನ ಮರಳಿ ಹೊರಡುತ್ತಾರೆ. ಚಾಲಕನು ಊಟ ಮಾಡಿದನೇ ಎಂದು ಎಲ್ಲರೂ ಕೇಳುತ್ತಾರೆ; ಮಲಗಿದನೇ ಎಂದು ಕೇಳುವವರು ವಿರಳ.

ಸತತವಾಗಿ 17 ಗಂಟೆಗಳ ಕಾಲ ಎಚ್ಚರವಿದ್ದವನ ಚುರುಕುತನವು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ನಮ್ಮ ಕಾನೂನು ಚಾಲಕನಿಗೆ ವಿಧಿಸಿರುವ ಮಿತಿ 30 ಮಿಲಿಗ್ರಾಂ. ಎಂದ ಮೇಲೆ ಒಂದು ತೊಟ್ಟು ಮದ್ಯವನ್ನೂ ಮುಟ್ಟದ ಸದಾಚಾರಿಯು ಸಹ ನಿದ್ರೆಗೆಟ್ಟು ವಾಹನ ನಡೆಸಿದರೆ ಕುಡಿದವನಿಗೆ ಸಮನೇ ಆಗುತ್ತಾನೆ. ರಾತ್ರಿ ಎರಡರಿಂದ ಬೆಳಗಿನ ಐದರವರೆಗಿನ ಹೊತ್ತು ಮತ್ತು ಮಧ್ಯಾಹ್ನದ ಊಟವಾದ ನಂತರದ ಒಂದೆರಡು ಗಂಟೆಗಳು ದೇಹವು ತಾನಾಗಿಯೇ ನಿದ್ರೆಗೆ ಜಾರುವ ಸಮಯ. ಹುಗ್ಗಿ, ಹೋಳಿಗೆಗಳ ಪ್ರಸಾದವನ್ನು ಹೊಟ್ಟೆ ತುಂಬ ಸ್ವೀಕರಿಸಿದವನಿಗಂತೂ ಇದು ಇನ್ನೂ ಪ್ರಬಲವಾಗಿರುತ್ತದೆ.

ಮೇಲಿಂದ ಮೇಲೆ ಆಕಳಿಕೆ, ಕಣ್ಣುರಿ, ಹಿಂದೆ ಬಿಟ್ಟ ಊರು ಯಾವುದೆಂದು ನೆನಪಾಗದಿರುವುದು, ವಾಹನವು ಪಕ್ಕಕ್ಕೆ ಸರಿದುದು ತಡವಾಗಿ ಅರಿವಿಗೆ ಬರುವುದು, ಇವು ಎಚ್ಚರಿಕೆಯ ಲಕ್ಷಣಗಳು. ಕಿಟಕಿ ತೆರೆಯುವುದು, ಹಾಡು ಹಚ್ಚುವುದು, ಮುಖಕ್ಕೆ ನೀರು ಎರಚಿಕೊಳ್ಳುವುದು ಕೆಲವೇ ನಿಮಿಷಗಳ ಉಪಾಯ. ನಿದ್ರೆಗೆ ನಿದ್ರೆಯೇ ಔಷಧ. ಪೆಟ್ರೋಲ್ ಬಂಕ್ ಅಥವಾ ಢಾಬಾದಂತಹ ಬೆಳಕಿರುವ ಸ್ಥಳದಲ್ಲಿ ವಾಹನವನ್ನು ನಿಲ್ಲಿಸಿ, ಬೇಕಾದರೆ ಒಂದು ಲೋಟ ಚಹಾ ಕುಡಿದು, ಹದಿನೈದು ಇಪ್ಪತ್ತು ನಿಮಿಷ ಮಲಗಬೇಕು. ಎದ್ದ ಕೂಡಲೇ ಹೊರಡದೆ ಐದು ನಿಮಿಷ ಅಡ್ಡಾಡಬೇಕು. ನೆಗಡಿ, ತುರಿಕೆಗೆ ಕೊಡುವ ಕೆಲವು ಮಾತ್ರೆಗಳು ಮಂಪರು ತರುತ್ತವೆ. ನಮ್ಮ ಪದ್ಧತಿಯ ಸರ್ಪಗಂಧ, ಜಟಾಮಾಂಸಿಗಳಿರುವ ಔಷಧಗಳಿಗೂ ಈ ಮಾತು ಅನ್ವಯಿಸುತ್ತದೆ. ಔಷಧವನ್ನು ಪಡೆಯುವಾಗಲೇ ತಾವು ವಾಹನ ನಡೆಸುವವರೆಂದು ವೈದ್ಯರಿಗೆ ತಿಳಿಸುವುದು ಒಳ್ಳೆಯದು.

ಭಯವು ಕೈಕಾಲುಗಳಿಗೆ ಇಳಿದಾಗ

ಆಪತ್ತು ಕಂಡ ಕ್ಷಣ ಹೃದಯವು ಡವಗುಟ್ಟುತ್ತದೆ, ಮಾಂಸಖಂಡಗಳು ಬಿಗಿಯುತ್ತವೆ, ದೃಷ್ಟಿಯು ಎದುರಿನ ಒಂದೇ ಬಿಂದುವಿನಲ್ಲಿ ನೆಡುತ್ತದೆ. ಹುಲಿಯನ್ನು ಕಂಡು ಓಡಬೇಕಾದವನಿಗೆ ಇದು ಉಪಕಾರಿ. ಸ್ಟೇರಿಂಗ್ ಹಿಡಿದವನಿಗೆ ಅಪಕಾರಿ. ಭಯದ ವೇಗಕ್ಕೆ ಸಿಕ್ಕವನು ಎರಡು ಕೆಲಸಗಳನ್ನು ಮಾಡುತ್ತಾನೆ: ಸ್ಟೇರಿಂಗನ್ನು ಒಮ್ಮೆಲೇ ತಿರುಗಿಸುತ್ತಾನೆ, ಇಲ್ಲವೆ ಯೋಚಿಸದೆ ಬ್ರೇಕನ್ನು ಒದೆಯುತ್ತಾನೆ. ಅನೇಕ ಅಪಘಾತಗಳಲ್ಲಿ ಮೂಲ ಆಪತ್ತಿಗಿಂತ ಈ ಗಾಬರಿಯ ಪ್ರತಿಕ್ರಿಯೆಯೇ ಪ್ರಾಣಕ್ಕೆ ಎರವಾಗುತ್ತದೆ.

ಒಂದು ಸರಳವಾದ ಲೆಕ್ಕವನ್ನು ನೋಡೋಣ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನವು ಒಂದು ಸೆಕೆಂಡಿಗೆ 22 ಮೀಟರ್ ಚಲಿಸುತ್ತದೆ. ಕಣ್ಣು ಕಂಡು, ಬುದ್ಧಿಯು ಗ್ರಹಿಸಿ, ಕಾಲು ಬ್ರೇಕಿನ ಮೇಲೆ ಬರಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲಿಯೇ 33 ಮೀಟರ್ ಕಳೆದಿರುತ್ತದೆ. ಅನಂತರ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು ಅಷ್ಟೇ ದೂರ ಬೇಕು; ಒದ್ದೆಯ ರಸ್ತೆಯಲ್ಲಿ ಅದಕ್ಕಿಂತಲೂ ಹೆಚ್ಚು. ವೇಗವು ಇಮ್ಮಡಿಯಾದರೆ ಬ್ರೇಕ್ ಹಾಕಿದ ಮೇಲೆ ಸಾಗುವ ದೂರವು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಆಪತ್ತಿನ ಕಾಲಕ್ಕೆ ಬೇಕಾದ ಸಮಯವನ್ನು ಆಪತ್ತು ಬರುವ ಮೊದಲೇ ಕೂಡಿಟ್ಟುಕೊಳ್ಳಬೇಕು. ಮುಂದಿನ ವಾಹನವು ಒಂದು ಮರವನ್ನೋ ಕಂಬವನ್ನೋ ದಾಟಿದ ಮೇಲೆ ನಾವು ಅದೇ ಸ್ಥಳವನ್ನು ಮುಟ್ಟಲು ಕನಿಷ್ಠ ಮೂರು ಸೆಕೆಂಡ್ ಹಿಡಿಯುವಷ್ಟು ಅಂತರವಿರಬೇಕು. ಮಳೆಯಲ್ಲಿ ಅದರ ಎರಡರಷ್ಟು.

ಆಪತ್ತು ಎದುರಾದಾಗ ಮಾಡತಕ್ಕದ್ದು

ಟೈರ್ ಸಿಡಿದಾಗ: ಬ್ರೇಕನ್ನು ಒತ್ತಬಾರದು. ಎರಡೂ ಕೈಗಳಿಂದ ಸ್ಟೇರಿಂಗನ್ನು ಬಿಗಿಯಾಗಿ ನೇರಕ್ಕೆ ಹಿಡಿದು, ಆಕ್ಸಿಲರೇಟರಿನ ಮೇಲಿನ ಕಾಲನ್ನು ನಿಧಾನವಾಗಿ ತೆಗೆಯಬೇಕು. ವೇಗವು ತಾನಾಗಿಯೇ ಇಳಿದ ಮೇಲೆ ಎಡಕ್ಕೆ ಸರಿದು ನಿಲ್ಲಬೇಕು. ಬೇಸಿಗೆಯಲ್ಲಿ ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಟೈರಿನ ಗಾಳಿಯನ್ನೂ ಸವೆತವನ್ನೂ ನೋಡಿಕೊಂಡರೆ ಈ ಪ್ರಸಂಗವು ಬಹುಪಾಲು ತಪ್ಪುತ್ತದೆ.

ಬ್ರೇಕ್ ಹಿಡಿಯದಿದ್ದಾಗ: ಪೆಡಲನ್ನು ಮೇಲಿಂದ ಮೇಲೆ ಬೇಗಬೇಗ ಒತ್ತಬೇಕು. ಒಂದೊಂದೇ ಗೇರನ್ನು ಇಳಿಸುತ್ತ ಬಂದರೆ ಎಂಜಿನ್ನೇ ವಾಹನವನ್ನು ಹಿಂದಕ್ಕೆ ಜಗ್ಗುತ್ತದೆ. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆಯದೆ ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕು. ಚಲಿಸುತ್ತಿರುವಾಗ ಕೀಲಿಯನ್ನು ತೆಗೆಯಲೇಬಾರದು. ಸ್ಟೇರಿಂಗ್ ಬಿಗಿದುಕೊಳ್ಳುವ ಅಪಾಯವಿದೆ. ಶಿರಾಡಿ, ಚಾರ್ಮಾಡಿ, ಆಗುಂಬೆಯಂತಹ ಘಾಟಿಗಳನ್ನು ಇಳಿಯುವಾಗ ಮೊದಲಿನಿಂದಲೇ ಕೆಳಗಿನ ಗೇರಿನಲ್ಲಿರಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರು ಬ್ರೇಕುಗಳನ್ನು ಕಾಯಿಸಿ ತಾವೇ ಆಪತ್ತನ್ನು ಕರೆದುಕೊಳ್ಳುತ್ತಾರೆ.

ವಾಹನವು ಜಾರಿದಾಗ: ಬಹುದಿನಗಳ ಬಿಸಿಲಿನ ನಂತರ ಬೀಳುವ ಮೊದಲ ಮಳೆಯಲ್ಲಿ ಧೂಳು ಮತ್ತು ಎಣ್ಣೆ ಕಲೆತು ರಸ್ತೆಯು ಲೋಳೆಯಂತಾಗಿರುತ್ತದೆ. ಜಾರತೊಡಗಿದೊಡನೆ ಆಕ್ಸಿಲರೇಟರನ್ನು ಬಿಟ್ಟು, ಹೋಗಬೇಕಾದ ದಿಕ್ಕಿನ ಕಡೆಗೇ ನೋಡುತ್ತ ಮೃದುವಾಗಿ ಸ್ಟೇರಿಂಗನ್ನು ತಿರುಗಿಸಬೇಕು. ಯಾವುದನ್ನು ಗುದ್ದುವೆನೋ ಎಂದು ಅಂಜಿ ಅದನ್ನೇ ನೋಡುತ್ತಿದ್ದರೆ ಕೈಗಳೂ ಅತ್ತಲೇ ತಿರುಗುತ್ತವೆ.

ಪ್ರಾಣಿಯು ಅಡ್ಡ ಬಂದಾಗ: ನೇರವಾಗಿಯೇ ಬ್ರೇಕ್ ಹಾಕಬೇಕು, ಪಕ್ಕಕ್ಕೆ ಎಳೆಯಬಾರದು. ನಾಯಿಯನ್ನು ಉಳಿಸಲು ಹೋಗಿ ಮರಕ್ಕೋ ಎದುರಿನ ಲಾರಿಗೋ ಗುದ್ದಿದ ಪ್ರಸಂಗಗಳು ಅನೇಕ. ಪ್ರಾಣಿದಯೆಯುಳ್ಳವನು ಹಳ್ಳಿಯ ಹತ್ತಿರ ಬರುತ್ತಿದ್ದಂತೆಯೇ ವೇಗವನ್ನು ಇಳಿಸಿದರೆ ಪ್ರಾಣಿಯೂ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ. ಒಂದು ಕರುವು ರಸ್ತೆ ದಾಟಿದರೆ ಅದರ ತಾಯಿಯೂ ಹಿಂದೆಯೇ ಬರುವುದೆಂದು ತಿಳಿಯಬೇಕು.

ಎದುರಿನ ಬೆಳಕು ಕಣ್ಣು ಕುಕ್ಕಿದಾಗ: ಪ್ರತಿಯಾಗಿ ನಾವೂ ಪ್ರಖರ ಬೆಳಕನ್ನು ಹಾಕಿದರೆ ಇಬ್ಬರು ಕುರುಡರು ಎದುರುಬದುರಾದಂತಾಗುತ್ತದೆ. ನೋಟವನ್ನು ರಸ್ತೆಯ ಎಡ ಅಂಚಿಗೆ ಹೊರಳಿಸಿ ವೇಗವನ್ನು ತಗ್ಗಿಸಬೇಕು. ಮಂಜಿನಲ್ಲಿಯೂ ಕೆಳಗಿನ ಬೆಳಕೇ ಹಿತ. ಮೇಲಿನ ಬೆಳಕು ಮಂಜಿಗೆ ತಾಗಿ ಮರಳಿ ನಮ್ಮ ಕಣ್ಣಿಗೇ ಬರುತ್ತದೆ.

ಹಳ್ಳವು ತುಂಬಿ ರಸ್ತೆಯ ಮೇಲೆ ಹರಿಯುವಾಗ: ನಿಂತು ಕಾಯುವುದೊಂದೇ ಮಾರ್ಗ. ಮೊಣಕಾಲು ಮುಟ್ಟದಷ್ಟು ನೀರಾದರೂ ಹರಿವಿದ್ದರೆ ಸಣ್ಣ ಕಾರನ್ನು ತೇಲಿಸಿ ಒಯ್ಯಬಲ್ಲದು. ನಿತ್ಯ ಓಡಾಡುವ ಸೇತುವೆಯೆಂಬ ಸಲುಗೆಯೇ ಇಲ್ಲಿ ಮೃತ್ಯುವಿಗೆ ಕಾರಣವಾಗುತ್ತದೆ, ಏಕೆಂದರೆ ನೀರಿನ ಕೆಳಗೆ ರಸ್ತೆಯು ಉಳಿದಿದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ.

ನಮ್ಮ ಸೀಮೆಯ ರಸ್ತೆಗಳಿಗೆ ಅವುಗಳದ್ದೇ ಆದ ಕೆಲವು ಅಪಾಯಗಳುಂಟು. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರೇಲರುಗಳು ರಾತ್ರಿಯ ಕತ್ತಲೆಯಲ್ಲಿ ಕತ್ತಲೆಯೇ ಆಗಿ ನಿಂತಿರುತ್ತವೆ. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ರಾಗಿ, ಹುರುಳಿ, ತೊಗರಿಗಳನ್ನು ಹರಡಿ ಒಕ್ಕಣೆ ಮಾಡುತ್ತಾರೆ. ಆ ಹುಲ್ಲಿನ ಮೇಲೆ ಬ್ರೇಕ್ ಹಾಕಿದ ಬೈಕ್ ಜಾರಿ ಬೀಳುತ್ತದೆ. ಒಣಹುಲ್ಲು ಕಾರಿನ ಅಡಿಯಲ್ಲಿ ಸುತ್ತಿಕೊಂಡು ಬೆಂಕಿ ಹತ್ತುವುದೂ ಉಂಟು. ರೈತ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೇ: ಟ್ರೇಲರಿನ ಹಿಂಬದಿಗೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯನ್ನು ಅಂಟಿಸಿರಿ, ಒಕ್ಕಣೆಗೆ ಕಣವನ್ನೇ ಬಳಸಿರಿ. ಪಾದಯಾತ್ರಿಗಳು ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನಗಳು ಕಾಣುವಂತೆ, ಒಬ್ಬರ ಹಿಂದೆ ಒಬ್ಬರಾಗಿ ನಡೆಯಬೇಕು. ಸಾಲಿನ ಮೊದಲಿಗನೂ ಕೊನೆಯವನೂ ಬ್ಯಾಟರಿ ದೀಪವನ್ನು ಹಿಡಿದಿರಬೇಕು.

ವಾಹನವು ನಡುದಾರಿಯಲ್ಲಿ ಕೆಟ್ಟು ನಿಂತರೆ ಆದಷ್ಟು ಎಡಕ್ಕೆ ತಳ್ಳಿ, ನಾಲ್ಕೂ ಸೂಚನಾ ದೀಪಗಳನ್ನು ಹಚ್ಚಿ, ಕನಿಷ್ಠ 50 ಮೀಟರ್ ಹಿಂದೆ ಕೆಂಪು ತ್ರಿಕೋನವನ್ನು ಇರಿಸಬೇಕು. ಕಲ್ಲುಗಳನ್ನಿಟ್ಟವರು ಹೊರಡುವಾಗ ಅವುಗಳನ್ನು ತೆಗೆಯದೆ ಹೋಗುವುದು ಮುಂದಿನವರಿಗೆ ಉರುಳು ಒಡ್ಡಿದಂತೆ. ಪ್ರಯಾಣಿಕರೆಲ್ಲರೂ ಎಡಬಾಗಿಲಿನಿಂದ ಇಳಿದು ರಸ್ತೆಯಿಂದ ದೂರ ನಿಲ್ಲಬೇಕು. ಕೆಟ್ಟ ವಾಹನದ ಹಿಂದೆ ಕುಳಿತು ಊಟದ ಬುತ್ತಿಯನ್ನು ಬಿಚ್ಚುವುದು ಪ್ರಾಣಕ್ಕೇ ಅಪಾಯ. ಹೆದ್ದಾರಿಯಲ್ಲಿ ನೆರವಿಗಾಗಿ 1033ಕ್ಕೆ ಕರೆ ಮಾಡಬಹುದು.

ಗಾಯಾಳುವಿನ ಬಳಿಯಲ್ಲಿ

ಅಪಘಾತವಾದ ಸ್ಥಳವನ್ನು ಮೊದಲು ತಲುಪುವವರು ವೈದ್ಯರಲ್ಲ, ಬೇರೆ ವಾಹನಗಳ ಚಾಲಕರು. ಪೆಟ್ಟಾದ ನಂತರದ ಮೊದಲ ಒಂದು ಗಂಟೆಯಲ್ಲಿ ಸರಿಯಾದ ಚಿಕಿತ್ಸೆ ದೊರೆತರೆ ಬದುಕುವ ಸಂಭವ ಹೆಚ್ಚು. ಆದ್ದರಿಂದ ಮೊದಲು ನಮ್ಮ ವಾಹನವನ್ನು ಸುರಕ್ಷಿತವಾಗಿ ನಿಲ್ಲಿಸಿ 108 ಅಥವಾ 112ಕ್ಕೆ ಕರೆ ಮಾಡಬೇಕು. ಸ್ಥಳದ ಗುರುತು, ಗಾಯಾಳುಗಳ ಸಂಖ್ಯೆಗಳನ್ನು ಸ್ಪಷ್ಟವಾಗಿ ಹೇಳಬೇಕು. ಒಬ್ಬನು ಹಿಂದಕ್ಕೆ ಹೋಗಿ ಬರುವ ವಾಹನಗಳನ್ನು ತಡೆಯಬೇಕು.

ರಕ್ತವು ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿಯಬೇಕು. ಬಟ್ಟೆಯು ತೊಯ್ದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದನ್ನಿಟ್ಟು ಒತ್ತಬೇಕು. ಗಾಯಕ್ಕೆ ಕಾಫಿಪುಡಿ, ಅರಿಶಿನ, ಸುಣ್ಣಗಳನ್ನು ತುಂಬಿ ಕರೆತಂದವರನ್ನು ನಾವು ಈ ನಾಲ್ಕು ದಶಕಗಳಲ್ಲಿ ಎಷ್ಟೋ ಸಲ ಕಂಡಿದ್ದೇವೆ. ಅರಿಶಿನದ ಗುಣವನ್ನು ಆಯುರ್ವೇದವೇ ಹೊಗಳಿದೆಯಾದರೂ, ಹೊಲಿಗೆ ಬೇಕಾದ ಆಳವಾದ ಗಾಯಕ್ಕೆ ಡಬ್ಬಿಯ ಪುಡಿಯನ್ನು ತುಂಬಿದರೆ ಅದನ್ನು ತೊಳೆಯುವುದೇ ಆಸ್ಪತ್ರೆಯಲ್ಲಿ ಮೊದಲ ಕೆಲಸವಾಗುತ್ತದೆ. ದೇಹದಲ್ಲಿ ನೆಟ್ಟ ಕಬ್ಬಿಣ, ಗಾಜುಗಳನ್ನು ಕೀಳಬಾರದು. ಕಿತ್ತರೆ ರಕ್ತವು ಧಾರೆಗಟ್ಟುತ್ತದೆ.

ಎಚ್ಚರ ತಪ್ಪಿದವನ ಬಾಯಿಗೆ ನೀರನ್ನು ಹಾಕಬಾರದು. ಕರುಣೆಯಿಂದ ಹಾಕಿದ ಆ ನೀರು ಶ್ವಾಸನಾಳಕ್ಕೆ ಇಳಿದು ಉಸಿರನ್ನೇ ನಿಲ್ಲಿಸಬಲ್ಲದು. ಎಚ್ಚರವಿದ್ದವನಿಗೂ ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ತುಟಿ ಒದ್ದೆ ಮಾಡಿದರೆ ಸಾಕು. ಬೆಂಕಿ ಅಥವಾ ಮತ್ತೊಂದು ವಾಹನದ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಕೈಕಾಲು ಹಿಡಿದು ಎಳೆಯಬಾರದು, ಎಬ್ಬಿಸಿ ಕೂಡಿಸಬಾರದು. ಕುತ್ತಿಗೆಯ ಮೂಳೆ ಮುರಿದಿದ್ದರೆ ಆ ಒಂದು ಎಳೆತವು ಅವನನ್ನು ಜೀವಮಾನವಿಡೀ ಹಾಸಿಗೆಗೆ ಹಾಕೀತು. ಎತ್ತಲೇಬೇಕಾದಲ್ಲಿ ನಾಲ್ಕು ಜನರು ಕೂಡಿ, ತಲೆ, ಕುತ್ತಿಗೆ, ಬೆನ್ನುಗಳು ಒಂದೇ ನೇರದಲ್ಲಿರುವಂತೆ, ಹಲಗೆಯ ಮೇಲೆ ಹೊರಳಿಸಬೇಕು. ಉಸಿರಾಟ ನಡೆದಿರುವವನ ಹೆಲ್ಮೆಟನ್ನು ತೆಗೆಯುವ ಅವಸರ ಬೇಡ. ಉಸಿರಾಟವೇ ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈಗಳನ್ನಿರಿಸಿ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು. ಈ ವಿದ್ಯೆಯನ್ನು ಓದಿ ಕಲಿಯುವುದಕ್ಕಿಂತ ಪ್ರಥಮ ಚಿಕಿತ್ಸೆಯ ಶಿಬಿರದಲ್ಲಿ ಕೈಯಿಂದ ಮಾಡಿ ಕಲಿಯುವುದು ಲೇಸು. ಊರಿಗೆ ನಾಲ್ವರಾದರೂ ಯುವಕರು ಕಲಿತಿರಬೇಕು.

ನೆರವಿಗೆ ಅಂಜಬೇಕಾಗಿಲ್ಲ

ಇಷ್ಟೆಲ್ಲ ತಿಳಿದಿದ್ದರೂ ಅನೇಕರು ಗಾಯಾಳುವನ್ನು ನೋಡಿಯೂ ನೋಡದಂತೆ ಮುಂದೆ ಸಾಗುತ್ತಾರೆ. ಅವರಲ್ಲಿ ಕಲ್ಲೆದೆಯವರು ಕಡಿಮೆ. ಪೊಲೀಸ್ ಠಾಣೆ, ಸಾಕ್ಷಿ, ಆಸ್ಪತ್ರೆಯ ಬಿಲ್ಲು ಇವುಗಳ ಭಯವೇ ಹೆಚ್ಚು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಯ ಅಪಘಾತದಲ್ಲಿ ದೇಹವೇ ಎರಡು ತುಂಡಾದ ಹರೀಶ್ ಎಂಬ ತರುಣನು ನೆರವಿಗಾಗಿ ಅಂಗಲಾಚಿದನು. ಕೊನೆಯುಸಿರೆಳೆಯುವ ಮುನ್ನ ತನ್ನ ಅಂಗಗಳನ್ನು ದಾನ ಮಾಡಿರೆಂದು ಹೇಳಿದನು. ಅವನ ಕಣ್ಣುಗಳು ದಾನವಾಗಿ ಸಂದವು. ಸುತ್ತ ನೆರೆದವರಲ್ಲಿ ಹಲವರು ನೋಡುತ್ತ ನಿಂತಿದ್ದರೆಂದು ಪತ್ರಿಕೆಗಳು ವರದಿ ಮಾಡಿದವು. ರಾಜ್ಯ ಸರ್ಕಾರವು ಅದೇ ವರ್ಷ ಅವನ ಹೆಸರಿನಲ್ಲಿ ಅಪಘಾತದ ಗಾಯಾಳುಗಳ ಉಚಿತ ತುರ್ತು ಚಿಕಿತ್ಸೆಗಾಗಿ ಯೋಜನೆಯನ್ನು ಆರಂಭಿಸಿತು.

ಅದೇ 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ನೆರವು ನೀಡುವವರ ರಕ್ಷಣೆಯ ನಿಯಮಗಳನ್ನು ದೇಶಕ್ಕೆಲ್ಲ ಕಡ್ಡಾಯಗೊಳಿಸಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ಅದನ್ನು ಕಾನೂನಿನಲ್ಲಿಯೇ ಸೇರಿಸಿತು. ಈಗ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನು ತನ್ನ ಹೆಸರನ್ನು ಹೇಳಲೇಬೇಕೆಂಬ ಒತ್ತಾಯವಿಲ್ಲ. ಅವನಿಂದ ಹಣವನ್ನು ಕೇಳುವಂತಿಲ್ಲ, ಅವನನ್ನು ತಡೆದು ನಿಲ್ಲಿಸುವಂತಿಲ್ಲ, ಬಲವಂತದಿಂದ ಸಾಕ್ಷಿಯಾಗಿಸುವಂತಿಲ್ಲ. 2025ರಲ್ಲಿ ಕೇಂದ್ರ ಸರ್ಕಾರವು ಜಾರಿಗೆ ತಂದ ಯೋಜನೆಯಂತೆ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ತನಕ ನಗದಿಲ್ಲದ ಚಿಕಿತ್ಸೆ ದೊರೆಯುತ್ತದೆ.

ನಮ್ಮ ವಾಹನದಿಂದಲೇ ಅಪಘಾತವಾಗಿದ್ದರೆ ಓಡಿಹೋಗುವುದು ಅಪರಾಧ. ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು ಚಾಲಕನ ಕಾನೂನುಬದ್ಧ ಕರ್ತವ್ಯ. ಜನರ ಗುಂಪು ಕೈಮಾಡುವ ಭಯವಿದ್ದಲ್ಲಿ ನೇರವಾಗಿ ಹತ್ತಿರದ ಠಾಣೆಗೆ ಹೋಗಿ ತಿಳಿಸಿ, ದಾರಿಯಲ್ಲಿಯೇ ಜೊತೆಯವರಿಂದ ಆಂಬುಲೆನ್ಸಿಗೆ ಕರೆ ಮಾಡಿಸಬೇಕು. ಆಂಬುಲೆನ್ಸಿಗೆ ದಾರಿ ಬಿಡದವರಿಗೆ ಹತ್ತು ಸಾವಿರ ರೂಪಾಯಿಗಳವರೆಗೆ ದಂಡವುಂಟು. ಆದರೆ ಒಳಗೆ ಮಲಗಿದವರು ನಮ್ಮ ಮನೆಯವರೇ ಇರಬಹುದೆಂದು ಭಾವಿಸುವವನಿಗೆ ದಂಡದ ಹೆದರಿಕೆ ಬೇಕಾಗುವುದಿಲ್ಲ.

ಸದ್ಭಕ್ತರು ಮುಂದಿನ ಯಾತ್ರೆಗೆ ವಾಹನವನ್ನು ಗೊತ್ತುಮಾಡುವಾಗ ಬಾಡಿಗೆಯ ಮಾತಿನೊಡನೆ ಚಾಲಕನ ನಿದ್ರೆಯ ಮಾತನ್ನೂ ಆಡಬೇಕು. ರಾತ್ರಿಯ ಪ್ರಯಾಣವಾದರೆ ಇಬ್ಬರು ಚಾಲಕರಿರಲಿ. ಅದು ಸಾಧ್ಯವಾಗದಿದ್ದರೆ ಕ್ಷೇತ್ರವನ್ನು ತಲುಪಿದ ಮೇಲೆ ಚಾಲಕನಿಗೆ ಮಲಗಲು ಒಂದು ಚಾಪೆಯನ್ನೂ ನಾಲ್ಕಾರು ಗಂಟೆಗಳ ಬಿಡುವನ್ನೂ ಕಲ್ಪಿಸಿಕೊಡಿರಿ. ಬೇಗ ಹೊರಡೋಣವೆಂದು ಅವಸರಿಸುವ ಹಿರಿಯರಿದ್ದರೆ, ಚಾಲಕನು ಏಳುವ ತನಕ ಕಾಯೋಣವೆಂದು ಹೇಳುವ ಒಬ್ಬರಾದರೂ ಆ ವಾಹನದಲ್ಲಿರಬೇಕು. ಈ ಲೇಖನವನ್ನು ಓದಿದವರು ಆ ಒಬ್ಬರಾಗಲಿ ಎಂಬುದು ನಮ್ಮ ಕೋರಿಕೆ.